ಎರ್ಲಿಂದಾ ಹತ್ತುವಷ್ಟು ಎತ್ತರ

ಬೆಟ್ಟದ ಮೇಲಿನ ತ್ರೂಚಾಸ್ ಊರಿನ ಫಿದೆನ್ಸಿಯೊ ಮಾಯೆಸ್ತಾಸ್ ನಲವತ್ತು ವರ್ಷ ಸೌದೆ ಮಾರಿ ಬದುಕಿದವರು. ಕೆಳಗೆ ಎಸ್ಪಾನ್ಯೋಲಾ ಪೇಟೆಯ ಎಷ್ಟೋ ಮನೆಗಳ ಒಲೆಯಲ್ಲಿ ಚಳಿಗಾಲವಿಡೀ ಉರಿಯುತ್ತಿದ್ದುದು ಅವರು ಬೆಟ್ಟದಿಂದ ಇಳಿಸಿದ ಪಿನ್ಯೋನ್ ಮರ. ಹೊರೆ ತಡೆಯಲಿ ಎಂದು ತಮ್ಮ ಹಳೇ ಷೆವರ್ಲೆ ಪಿಕಪ್ಪಿನ ಹಿಂಬದಿಗೆ ಮೂರು ಸ್ಪ್ರಿಂಗ್ ಪಟ್ಟಿ ಹೆಚ್ಚಿಗೆ ಹಾಕಿಸಿ, ದೊಡ್ಡ ಟೈರು ತೊಡಿಸಿ, ಗಾಡಿಯನ್ನು ಕುದುರೆಯ ಹಾಗೆ ನಿಲ್ಲಿಸಿದ್ದರು.

ನನ್ನ ಕಸುಬು ಅದಕ್ಕೆ ತೀರಾ ಉಲ್ಟಾ. ಶೋಕಿಗಾಗಿ ಗಾಡಿಗಳನ್ನು ನೆಲ ಮುಟ್ಟುವಷ್ಟು ತಗ್ಗಿಸಿಕೊಡುವವನು ನಾನು. ಫಿದೆನ್ಸಿಯೊ ನನ್ನ ತಂದೆಯ ಚಿಕ್ಕಪ್ಪನ ಮಗ. ಅವರನ್ನು ನಾನು ತೀಯೊ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದೆ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದರು.

"ಲೇ ಎಲೋಯ್, ಎದುರಿಗೆ ಒಂದು ಇರುವೆ ಬಂದ್ರೆ ಏನ್ ಮಾಡ್ತೀಯ? ಇಳಿದು ದಾರಿ ಬಿಡ್ತೀಯಾ?"

"ನೀವು ಗಾಡಿ ಹತ್ತೋ ಏಣಿ ಎಲ್ಲಿಟ್ಟಿದ್ದೀರಿ, ತೀಯೊ?" ಅನ್ನುತ್ತಿದ್ದೆ. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ಎರ್ಲಿಂದಾ ತೀಯಾ, ನಮ್ಮ ಚಿಕ್ಕಮ್ಮ, ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು.

ಎರ್ಲಿಂದಾ ತೀಯಾ ಶಾಲೆಯ ಅಡುಗೆಮನೆಯಲ್ಲಿದ್ದವರು. ನಮ್ಮ ಕಾಲದ ಮಕ್ಕಳೆಲ್ಲ ಅವರ ಕೈಯ ಬೀನ್ಸು, ಹಸಿರು ಮೆಣಸಿನ ಸಾರು ಉಂಡೇ ಬೆಳೆದೆವು. ಅರವತ್ತೈದು ದಾಟಿದ ಮೇಲೆ ಅವರಿಗೆ ನರಗಳ ಕಾಯಿಲೆ ಬಂತು. ಮೊದಲು ಪಾದ ಎಡವುತ್ತಿತ್ತು, ಆಮೇಲೆ ಮೊಣಕಾಲು ಮಾತು ಕೇಳದಾಯಿತು. ಸಾಂತಾ ಫೆ ಆಸ್ಪತ್ರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: ಇದು ಮೇಲಕ್ಕೇ ಹತ್ತುತ್ತದೆ, ನಿಲ್ಲಿಸುವ ಔಷಧಿ ಇಲ್ಲ.

ಆ ವರ್ಷ ಮೇ ತಿಂಗಳಲ್ಲಿ ತೀಯೊ ಪೇಟೆಯಲ್ಲಿದ್ದ ನನ್ನ ಗ್ಯಾರೇಜಿಗೆ ಬಂದರು. ಕೈಯಲ್ಲಿ ಒಂದು ಕೋಲು. ಅದರ ಮೇಲೆ ಚಾಕುವಿನಿಂದ ಕೊರೆದ ಒಂದು ಗುರುತು.

"ನನ್ನ ಗಾಡಿ ಸೀಟು ಇಷ್ಟೆತ್ತರಕ್ಕೆ ಇಳಿದು ಬರ್ಬೇಕು ನೋಡು" ಎಂದರು.

ನಾನು ತಮಾಷೆ ಎಂದುಕೊಂಡೆ. "ಯಾಕೆ ತೀಯೊ, ಭಾನುವಾರ ಪೇಟೆ ಬೀದೀಲಿ ಹುಡ್ಗೀರನ್ನ ನೋಡ್ಕೊಂಡು ಸುತ್ತೋ ಆಸೆ ಬಂತಾ?"

ಅವರು ನಗಲಿಲ್ಲ. "ನಮ್ಮಮ್ಮನ ಕಾಲದ ಕಬ್ಬಿಣದ ಮಂಚ ಇದೆಯಲ್ಲ, ಅದರ ಮೇಲೆ ಎರ್ಲಿಂದಾ ತಾನೇ ಕೂತ್ಕೋತಾಳೆ, ತಾನೇ ಏಳ್ತಾಳೆ. ಅದರ ಅಳತೆ ಇದು. ನನ್ನ ತಂಗಿ ಕಾರು ನೋಡಿದ್ವಿ. ಅದು ತೀರಾ ತಗ್ಗು, ಒಳಗೆ ಕೂತ್ರೆ ಏಳಕ್ಕಾಗಲ್ಲ."

"ನೀವು ಎತ್ತಿ ಕೂರಿಸಬಹುದಲ್ಲ?"

"ಬಿಡ್ತಾಳಾ ಅವಳು! ಹೋದ ವಾರ ಚರ್ಚಿನ ಮುಂದೆ ಎತ್ತಕ್ಕೆ ಹೋದೆ. ನಾನೇನು ಸೌದೆ ಹೊರೆನಾ ಅಂತ ಎಲ್ಲರೆದುರಿಗೂ ಬೈದ್ಲು. ಅವತ್ತಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ."

ನಾನು ಹೇಳಬೇಕಾದ್ದನ್ನು ಹೇಳಿದೆ. ತಗ್ಗಿಸಿದ ಗಾಡಿ ಸೌದೆ ಹೊರಲಾರದು, ಕಾಡಿನ ದಾರಿಯನ್ನಂತೂ ಹತ್ತಲಾರದು.

"ಗೊತ್ತು" ಎಂದರು. "ನಲವತ್ತು ವರ್ಷ ಹತ್ತಿದ್ದು ಸಾಕು."

ಹೆಚ್ಚಿನ ಪಟ್ಟಿಗಳನ್ನು ತೆಗೆದೆ. ಪಟ್ಟಿಯ ಕೆಳಗಿದ್ದ ಹಿಂದಿನ ಆಕ್ಸಲನ್ನು ಮೇಲಕ್ಕೆ ತಂದು ಕೂರಿಸಿದೆ. ಅದು ಕುಣಿದಾಗ ಚಾಸಿಗೆ ಬಡಿಯದಂತೆ ಅಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿ, ದಪ್ಪ ತಗಡು ಬೆಸೆದೆ. ಮುಂದಕ್ಕೆ ಗಿಡ್ಡ ಸ್ಪ್ರಿಂಗು, ನಾಲ್ಕೂ ಕಡೆ ಗಿಡ್ಡ ಶಾಕ್, ಸಣ್ಣ ಟೈರು. ನಾಲ್ಕು ದಿನದ ಮೇಲೆ ಸೀಟು ಕೋಲಿನ ಗುರುತಿಗೆ ಬಂತು.

ಆದರೆ ತೀಯಾ ಕೂತು ಗಾಡಿ ಬಲಕ್ಕೆ ತಿರುಗಿದ ಕೂಡಲೇ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರೆಂದಿತು.

"ನಾನು ಅಷ್ಟೊಂದು ದಪ್ಪ ಆಗ್ಬಿಟ್ನಾ?" ಎಂದು ತೀಯಾ ಕೇಳಿದರು.

"ಶಾಲೇಲಿ ನಮಗೆ ಬಡಿಸಿ ಉಳಿದಿದ್ದನ್ನೆಲ್ಲ ನೀವೇ ತಿಂದ್ರಲ್ಲ, ತೀಯಾ."

"ಉಳಿಸ್ತಿದ್ರಾ ನೀವು, ರಾಕ್ಷಸರು!"

ಅವರನ್ನು ಸೀಟಿನಲ್ಲೇ ಕೂರಿಸಿಕೊಂಡು ಟೈರಿಗೆ ಸೀಮೆಸುಣ್ಣ ಬಳಿದೆ. ತೀಯೊ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಒಂದು ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿದರು. ಮಡ್‌ಗಾರ್ಡಿನ ಒಳಗೆ ಬಿಳಿ ಅಂಟಿದ ಕಡೆಯೆಲ್ಲ ಅಂಚನ್ನು ಬಿಸಿ ಮಾಡಿ ಒಳಕ್ಕೆ ಮಡಚಿದೆ. ಚಕ್ರ ಇನ್ನೂ ಅರ್ಧ ಇಂಚು ಒಳಗೆ ಕೂರುವಂಥ ರಿಮ್ ಹುಡುಕಿ ಹಾಕಿದೆ. ಆಮೇಲೆ ಸದ್ದು ಬರಲಿಲ್ಲ.

ಆ ಬೇಸಿಗೆ ಅವರಿಬ್ಬರೂ ಮನೆಯಲ್ಲಿ ನಿಂತಿದ್ದೇ ಕಡಿಮೆ. ಚರ್ಚಿನ ಪೂಜೆಗೆ, ಆಸ್ಪತ್ರೆಗೆ, ಮೋರಾ ಊರಲ್ಲಿದ್ದ ತೀಯಾ ಅವರ ಅಕ್ಕನ ಮನೆಗೆ ಹೋಗಿಬಂದರು. ಒಂದು ಭಾನುವಾರ ಸಂಜೆ ಎಸ್ಪಾನ್ಯೋಲಾದ ದೊಡ್ಡ ಬೀದಿಯಲ್ಲಿ ನಮ್ಮ ತಗ್ಗು ಗಾಡಿಗಳ ಸಾಲಿಗೆ ಅವರೂ ಸೇರಿಕೊಂಡರು. ತೀಯಾ ತುಟಿಗೆ ಬಣ್ಣ ಹಚ್ಚಿಕೊಂಡು, ಕಿಟಕಿಗೆ ಮೊಣಕೈ ಊರಿ ರಾಣಿಯ ಹಾಗೆ ಕೂತಿದ್ದರು. ಅವತ್ತು ತಾವೇ ಇಳಿದು ಐಸ್‌ಕ್ರೀಮ್ ತಂದರು. ಹತ್ತು ಹೆಜ್ಜೆಗೆ ಐದು ನಿಮಿಷ ಹಿಡಿಯಿತು. ತೀಯೊ ಹಿಂದೆಯೇ ನಡೆದರು, ಕೈ ಮಾತ್ರ ಚಾಚಲಿಲ್ಲ.

ಸೆಪ್ಟೆಂಬರಿನಲ್ಲಿ ತೀಯೊ ಮತ್ತೆ ಕೋಲು ಹಿಡಿದು ಬಂದರು. ಹಳೆಯ ಗುರುತಿನ ಕೆಳಗೆ ಹೊಸದೊಂದು ಗುರುತು ಬಿದ್ದಿತ್ತು.

"ಕಾಲು ಎತ್ತಿಡಕ್ಕಾಗ್ತಿಲ್ಲ, ಏಳುವಾಗ ಕಂಬಿ ಹಿಡ್ಕೋತಾಳೆ, ಅದಕ್ಕೇ ಮಂಚದಿಂದ ಒಂದು ಹಾಸಿಗೆ ತೆಗೆದೆ. ಗಾಡಿನೂ ಇಷ್ಟು ಇಳೀಬೇಕು."

"ನಿಮ್ಮ ಮನೆ ಮುಂದಿನ ಮಣ್ಣು ರಸ್ತೇಲಿ ಹೊಟ್ಟೆ ಉಜ್ಜುತ್ತೆ, ತೀಯೊ."

"ರಸ್ತೆ ನಾನ್ ನೋಡ್ಕೋತೀನಿ."

ನೋಡಿಕೊಂಡರು ಕೂಡ. ಎಪ್ಪತ್ತೆರಡರ ಮುದುಕ ಮನೆಬಾಗಿಲಿಂದ ಟಾರು ರಸ್ತೆಯವರೆಗೆ ಸಲಿಕೆ ಹಿಡಿದು ದಿಬ್ಬ ಕೆತ್ತಿ ಗುಂಡಿಗೆ ತುಂಬಿದರು. ನಾನು ಮಡ್‌ಗಾರ್ಡಿನ ಒಳಗಿನ ತಗಡು ಕತ್ತರಿಸಿ, ಸ್ಟಿಯರಿಂಗ್ ಪೂರ್ತಿ ತಿರುಗದಂತೆ ತಡೆ ಹಾಕಿ, ಹೇಗೋ ಎರಡು ಬೆರಳಿನಷ್ಟು ಇಳಿಸಿದೆ. ಚಳಿ ಶುರುವಾಗುವಾಗ ಅವರ ಮನೆಗೇ ಸೌದೆ ಇರಲಿಲ್ಲ. ಜೀವಮಾನವಿಡೀ ಗಿರಾಕಿಗಳಿಗಾಗಿ ಜಗಳವಾಡಿದ್ದ, ಅದೇ ಸೌದೆ ವ್ಯಾಪಾರದ ತ್ರಾಂಕಿಲಿನೊ ಹತ್ತಿರ ಹೋಗಿ ಕೊಂಡರು. ಆತ ತಾನೇ ತಂದು ಇಳಿಸಿ ಒಪ್ಪವಾಗಿ ಜೋಡಿಸಿಕೊಟ್ಟನಂತೆ.

ಕ್ರಿಸ್‌ಮಸ್‌ಗೆ ವಾರವಿರುವಾಗ ತೀಯೊ ಮೂರನೇ ಸಲ ಬಂದರು. ಕೋಲಿನಲ್ಲಿ ಮೂರನೇ ಗುರುತು. ನಾನು ಗಾಡಿಯ ಕೆಳಗೆ ಮಲಗಿ ಎಲ್ಲ ಅಳೆದು ಎದ್ದುಬಂದೆ.

"ಆಗಲ್ಲ, ತೀಯೊ. ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಕಿರುಬೆರಳು ತೂರಲ್ಲ. ಇನ್ನೂ ಇಳಿಸಿದ್ರೆ ತಿರುವಿನಲ್ಲಿ ಟೈರು ಹರಿದುಹೋಗುತ್ತೆ. ಈ ಘಾಟಿ ರಸ್ತೇಲಿ ಇಬ್ಬರೂ ಉಳಿಯಲ್ಲ."

"ಒಂದೇ ಇಂಚು, ಹೀತೊ, ಮಗನೇ."

"ಒಂದಿಂಚೂ ಇಲ್ಲ."

"ನೀನು ಕಸುಬು ಬಲ್ಲವನು ಅಂತ ಬಂದೆ" ಎಂದರು. ಗದರಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮೆಲ್ಲಗೆ ಹೇಳಿದರು. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿ ಹೋದರು.

ಅವತ್ತು ಮನೆಯಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಆಗಲ್ಲ ಎಂದು ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಒಲೆಗೆ ಸೌದೆ ಹಾಕುತ್ತಿದ್ದರಂತೆ. ತೀಯಾ ಮುಖ ನೋಡಿಯೇ ತಿಳಿದುಕೊಂಡರು.

"ಎಲೋಯ್ ಆಗಲ್ಲ ಅಂದ್ನಾ?"

"ಹೂಂ."

"ಪಾಪ, ಅವನು ತಾನೇ ಏನ್ ಮಾಡ್ತಾನೆ. ಬಾ, ಮುದುಕಪ್ಪ. ಎತ್ತು. ಬೀಳಿಸಿದ್ರೆ ನೋಡು ಮತ್ತೆ."

ಅವರನ್ನು ಎತ್ತಿಕೊಂಡು ಗಾಡಿಯತ್ತ ಅಂಗಳ ದಾಟುವಷ್ಟರಲ್ಲಿ ತೀಯೊ ಅತ್ತುಬಿಟ್ಟರಂತೆ. ಅತ್ತದ್ದು ತೀಯಾ ಭಾರವಾಗಿದ್ದಕ್ಕಲ್ಲ, ಭಾರವೇ ಇಲ್ಲದ್ದಕ್ಕೆ. ಕ್ರಿಸ್‌ಮಸ್ ಪೂಜೆಗೆ ತೀಯಾ ಗಂಡನ ತೋಳಿನಲ್ಲೇ ಒಳಗೆ ಬಂದರು. ಎಲ್ಲರೂ ನೋಡುತ್ತಿದ್ದರು, ತೀಯಾ ಎಲ್ಲರನ್ನೂ ದಿಟ್ಟಿಸಿ ನೋಡಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು. ಫೆಬ್ರವರಿಯಲ್ಲಿ ತೀರಿಕೊಂಡರು.

ಮಣ್ಣಾದ ಎರಡು ತಿಂಗಳಿಗೆ ತೀಯೊ ಗಾಡಿ ತಂದು, ಮೊದಲಿದ್ದ ಹಾಗೆ ಎತ್ತರ ಮಾಡಿಕೊಡು ಎಂದರು. ಮಾಡಿಕೊಟ್ಟೆ. ಕೆಲಸ ಹಿಡಿದರೆ ಮನಸ್ಸು ತಿಳಿಯಾದೀತು ಎಂದು ನನಗೂ ಅನ್ನಿಸಿತ್ತು. ಮಾರನೇ ದಿನವೇ ಅವರು ಕಾಡಿಗೆ ಹೋಗಿ, ಮಧ್ಯಾಹ್ನ ಅರ್ಧ ಹೊರೆಯೊಂದಿಗೆ ನನ್ನ ಗ್ಯಾರೇಜಿನ ಮುಂದೆ ನಿಂತರು.

"ಯಾಕೆ ತೀಯೊ, ಗಾಡಿ ಏನಾದ್ರೂ ತೊಂದರೆ ಕೊಡ್ತಾ?"

"ಗಾಡಿ ಚೆನ್ನಾಗಿದೆ." ಇಳಿದು ಮೆಟ್ಟಿಲ ಮೇಲೆ ಕೂತರು. "ಶನಿವಾರ ಶಾಲೆಗೆ ರಜಾ ಅಲ್ವಾ, ಅವಳೂ ಕಾಡಿಗೆ ಬರ್ತಿದ್ಲು. ನಾನು ಕೆಳಗಿಂದ ಕೊಡ್ತಿದ್ದೆ, ಅವಳು ಗಾಡಿ ಮೇಲೆ ನಿಂತು ಜೋಡಿಸ್ತಿದ್ಲು. ಇವತ್ತು ಒಂದು ತುಂಡು ಎತ್ತಿ ಮೇಲಕ್ಕೆ ಚಾಚ್ದೆ. ಎಷ್ಟೋ ಹೊತ್ತು ಹಾಗೇ ಹಿಡ್ಕೊಂಡು ನಿಂತಿದ್ದೆ, ಎಲೋಯ್."

ನಾನು ಒಳಗೆ ಹೋಗಿ ಕಾಫಿ ತಂದುಕೊಟ್ಟೆ.

ಆಮೇಲೆ ಅವರು ಕಾಡಿಗೆ ಹೋಗಲಿಲ್ಲ. ಗರಗಸ, ಕೊಡಲಿ, ಗಾಡಿ ಎಲ್ಲವನ್ನೂ ತ್ರಾಂಕಿಲಿನೊಗೆ ಕೊಟ್ಟು, ಎಸ್ಪಾನ್ಯೋಲಾದಲ್ಲಿ ತಂಗಿಯ ಮನೆ ಸೇರಿದರು. ಮೂರು ವರ್ಷ ಬದುಕಿದ್ದರು. ಮಧ್ಯಾಹ್ನ ಬಿಸಿಲಿದ್ದರೆ ನಡೆದುಕೊಂಡು ಗ್ಯಾರೇಜಿಗೆ ಬರುತ್ತಿದ್ದರು. ನಾನು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಹತ್ತಿರ ಡಬ್ಬ ಎಳೆದುಕೊಂಡು ಕೂತು, ಕೇಳಿದ ಪಾನಾವನ್ನು ಕೈಗೆ ಕೊಡುತ್ತಿದ್ದರು.