ನಲ್ಲಿಯ ಮುಂದೆ ನನ್ನ ಸ್ಥಾನ

ನಮ್ಮ ಕಾಲೇಜಿನ ಸೇವಾ ತಂಡದ ಮುಂದಾಳು ನನಗಿಂತ ಒಂದು ವರ್ಷ ಹಿರಿಯಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದೆವು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಕೆಲಸ ಶುರು. ನಾವು ಏನೇ ಮಾಡಹೊರಟರೂ, “ಮೊದ್ಲು ಕೇಳ್ಕೊಂಡ್ ಬಾರೋ” ಎನ್ನುವಳು. ಹೈಸ್ಕೂಲಿನಲ್ಲಿ ಅವಳು ಶಾಲಾ ನಾಯಕಿಯಾಗಿದ್ದಳಂತೆ. ಅಲ್ಲಿ ಕುಡಿಯುವ ನೀರಿನ ಹಂಡೆ ತುಂಬಿಸುವುದೂ ನಾಯಕಿಯದೇ ಕೆಲಸವಂತೆ.

ನಾನೂ ಯಲಹಂಕದಲ್ಲಿ ಶಾಲಾ ನಾಯಕನಾಗಿದ್ದವನೇ. ಪ್ರಾರ್ಥನೆಯ ಹೊತ್ತಿಗೆ “ಸಾವಧಾನ್!” ಎಂದು ಕೂಗಿದ್ದಷ್ಟೇ ನನ್ನ ಅನುಭವ.

ಆರ್.ಟಿ. ನಗರದ ಬೀದಿ ಗುಡಿಸಲು ಹೋದ ದಿನ, ಅಲ್ಲಿನ ಸಾರ್ವಜನಿಕ ನಲ್ಲಿಯ ಮುಂದೆ ಸಾಲಾಗಿ ಬಿದ್ದಿದ್ದ ಕಲ್ಲು, ಒಡೆದ ಕೊಡ, ಹಳೇ ಚಪ್ಪಲಿಗಳನ್ನೆಲ್ಲ ಯಾರನ್ನೂ ಕೇಳದೆ ಎತ್ತಿ ಎಸೆದೆ. ನೀರು ಬಂದಾಗ ಗೊತ್ತಾಯಿತು, ಅವು ಒಂದೊಂದು ಮನೆಯವರು ಪಾಳಿಗೆ ಇಟ್ಟ ಗುರುತುಗಳು. ಬೀದಿಯೇ ಜಗಳಕ್ಕೆ ನಿಂತಿತು.

“ಯಾವನ್ರೀ ನನ್ ಕಲ್ಲು ಎಸ್ದೋನು?” ಎಂದು ಅಜ್ಜಿಯೊಬ್ಬರು ಗದರಿದರು. “ಸಾವಧಾನ್!” ಎಂದು ಕೂಗುತ್ತಿದ್ದ ನಾಯಕ ಅಕ್ಕನ ಬೆನ್ನ ಹಿಂದೆ ಸರಿದೆ.

ಅಕ್ಕ ಸೆರಗು ಸಿಕ್ಕಿಸಿದಳು. “ಜಗಳ ಬೇಡ ಕಣ್ರಮ್ಮಾ, ಎಲ್ರ ಮನೆಗೂ ಇವ್ನೇ ನೀರು ಹೊತ್ಕೊಂಡ್ ಬರ್ತಾನೆ.”

ಹೊತ್ತೆ. ಮರುದಿನ ಅವಳೇ ಸಾಲಿನ ಕೊನೆಯಲ್ಲಿ ಒಂದು ಕಲ್ಲಿಟ್ಟು, “ಇದು ನಿಂದು ಕಣೋ. ಅಜ್ಜಿಗೆ ಸೊಂಟ ನೋವಂತೆ, ಕೇಳ್ಕೊಂಡ್ ಬಂದೆ. ಇನ್ಮೇಲೆ ಅವ್ರ ನೀರು ನೀನೇ ಹೊರ್ಬೇಕು” ಎಂದಳು.

ಆ ವರ್ಷದ ಕಾಲೇಜು ಚುನಾವಣೆಯಲ್ಲಿ ನಾನು ಸೋತೆ. ನಲ್ಲಿಯ ಮುಂದಿನ ಸ್ಥಾನ ಮಾತ್ರ ಕಾಲೇಜು ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.