ಕೆಂಭಾವಿ ಮೋನಮ್ಮನ ಹನ್ನೊಂದು ಸಾಲು

ನಮ್ಮ ಶಹಾಪುರದ ಕಾಲೇಜಿನ ಮೇಷ್ಟ್ರು ದೇವಿಂದ್ರ ಕಾಲುವೆ ನೀರಿನ ಸರದಿ ತೋರಿಸುವ ಒಂದು ಆ್ಯಪ್ ಮಾಡಿದ್ದ. ಅದರ ಕೋಡನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಒಪ್ಪಿ ಸೇರಿಸುವ ಕೀಲಿ ಮಾತ್ರ ಅವನ ಕೈಯಲ್ಲಿ. 'ಪುಕ್ಕಟೆ ದುಡಿಯಿರಿ, ಜ್ಞಾನ ಹಂಚಿರಿ' ಎಂದು ಊರೂರಲ್ಲಿ ಭಾಷಣ ಮಾಡಿದ. ಹುಡುಗರು ದುಡಿದರು! ಒಬ್ಬ ಒಂದು ಚುಕ್ಕಿ ಅಳಿಸಿದ, ಇನ್ನೊಬ್ಬ ಅದೇ ಚುಕ್ಕಿ ಹಾಕಿದ. ಇಬ್ಬರನ್ನೂ ಒಪ್ಪಿಕೊಂಡು ಪ್ರಮಾಣಪತ್ರ ಕೊಟ್ಟ. ಅವನ್ನು ಛಾಪಿಸಿದ ಗುಮಾಸ್ತ ನಾನು. ನನ್ನ ಕರ್ಮ.

ಮೋನಮ್ಮ ಕೆಂಭಾವಿಯ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವವಳು. ಓದು ಪಿಯುಸಿಗೇ ನಿಂತಿತ್ತು. ಕಾಲುವೆಯ ಕಟ್ಟಕಡೆಯಲ್ಲಿ ಒಂದೂವರೆ ಎಕರೆ ಮೆಣಸಿನಗಿಡ, ಹೂವು ಬಿಟ್ಟಿತ್ತು. ನೀರು ಹಾಯಿಸಲು ಗಂಡ ತಾಯಪ್ಪ ಕಡೇಚೂರಿನ ಕಾರ್ಖಾನೆಯಿಂದ ಬರಬೇಕು. ಅಲ್ಲಿನ ಗುತ್ತಿಗೆದಾರ ಆ್ಯಪ್ ತೋರಿಸಿದ ದಿನಕ್ಕಷ್ಟೇ ರಜೆ ಕೊಡುವ ಮಹಾಜ್ಞಾನಿ. ಆ್ಯಪ್ಪೋ, ಮೇಲೆ ಗೇಟು ತೆರೆದ ದಿನವೇ ಎಲ್ಲ ಹೊಲಕ್ಕೂ ನೀರು ಬಂತು ಅನ್ನುತ್ತಿತ್ತು. ಕೊನೆಯ ಹೊಲ ಮುಟ್ಟಲು ನೀರಿಗೆ ನಾಲ್ಕು ದಿನ ಬೇಕೆಂಬುದು ಅಲ್ಲಿನ ಎಮ್ಮೆಗೂ ಗೊತ್ತು. ಹಿಂದಿನ ಸರದಿಗೆ ತಾಯಪ್ಪ ಬಂದು ಒಣ ಕಾಲುವೆ ನೋಡಿ ಹೋಗಿದ್ದ. ಇನ್ನೊಂದು ಸರದಿ ತಪ್ಪಿದರೆ ಗಿಡ ಉಳಿಯುವಂತಿರಲಿಲ್ಲ.

ಮೋನಮ್ಮ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ಕೂತು ಕೋಡ್ ಬರೆಯುವುದನ್ನು ಕಲಿತಳು. ಹನ್ನೊಂದು ಸಾಲು ತಿದ್ದಿ, ದೂರಕ್ಕೆ ತಕ್ಕಂತೆ ದಿನ ಕೂಡಿಸಿ ಕಳಿಸಿದಳು. ಹದಿನೇಳು ದಿನವಾದರೂ ದೇವಿಂದ್ರ ತೆರೆದೇ ನೋಡಲಿಲ್ಲ. ಕೊನೆಗೆ ನಮ್ಮ ಆಫೀಸಿಗೆ ಬಂದಳು.

"ಹತ್ತನೇ ತಾರೀಖಿಗಿ ಕಾರ್ಯಕ್ರಮ ಅದ ತಂಗಿ. ಸ್ಟೇಜ್ ಮ್ಯಾಲ ಎಲ್ಲರ ಮುಂದ ಒಪ್ಪಿಕೊಂಡು ಶಾಲು ಹಾಕ್ತೀನಿ. ಅಲ್ಲೀತನ ತಡಿ," ಅಂದ ದೇವಿಂದ್ರ.

"ಮೂರನೇ ತಾರೀಖಿಗಿ ಗೇಟ್ ತೆಗಿತಾರ್ರಿ. ನೀರು ನಿಮ್ಮ ಶಾಲಿಗಿ ಕಾಯ್ತದೇನ್ರಿ ಸರ್?"

ಅವನು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. ಥೂ, ಇಂಥವನಿಗೆ ನಾನು ದಿನಾ ನಮಸ್ಕಾರ ಹೊಡೆಯಬೇಕು.

ತೆರೆದಿಟ್ಟ ಕೋಡನ್ನು ಯಾರಾದರೂ ಪೂರ್ತಿ ನಕಲು ಮಾಡಿ ನಡೆಸಬಹುದು ಎಂದು ಭಾಷಣದಲ್ಲಿ ಅವನೇ ಹೇಳಿದ್ದ. ಮೋನಮ್ಮ ಹಾಗೇ ಮಾಡಿದಳು. ತನ್ನ ನಕಲಿಗೆ ಹನ್ನೊಂದು ಸಾಲು ಸೇರಿಸಿ ಊರವರ ಫೋನಿಗೆ ಹಾಕಿದಳು. ತಾಯಪ್ಪ ಅದನ್ನೇ ತೋರಿಸಿದ, ಗುತ್ತಿಗೆದಾರ ಏಳನೇ ತಾರೀಖಿಗೆ ರಜೆ ಬರೆದ. ಅವತ್ತು ಕಾಲುವೆಯಲ್ಲಿ ನೀರಿತ್ತು, ಗಿಡ ಉಳಿಯಿತು.

"ನಮ್ಮದು ಕದ್ದಾಳ," ಎಂದು ದೇವಿಂದ್ರ ಕಾಲೇಜಿನಲ್ಲಿ ಕೂಗಾಡಿದ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಎರಡು ತಿಂಗಳಲ್ಲಿ ಸುರಪುರದವರೂ ಅವಳ ಆ್ಯಪ್ಪಿಗೇ ಹೋದರು. ಆಗ ಅವನೂ ಒಂದು ತಿದ್ದುಪಡಿ ಕಳಿಸಿದ. ಮೊದಲು ಬರೆದವನೆಂದು ಅವನ ಹೆಸರನ್ನು ಅವಳು ಕೆಳಗೆ ಉಳಿಸಿದ್ದಳು. ಅವನಿಗದು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬೇಕಿತ್ತು.

ಅವಳು ಅವತ್ತೇ ತೆರೆದು ನೋಡಿ, ಎಲ್ಲರಿಗೂ ಕಾಣುವಂತೆ ಬರೆದಳು: "ಇದರಿಂದ ಯಾವ ಹೊಲಕ್ಕ ನೀರು ಹೋಗ್ತದ ತಿಳಸ್ರಿ ಸರ್. ಸೇರಿಸ್ತೀನಿ."

ವರ್ಷವಾಯಿತು. ಅವನ ಹೆಸರು ಇನ್ನೂ ಕೆಳಗೇ ಇದೆ.