ಕನ್ನಡಿಯ ನಾಲ್ಕನೇ ಮೂಲೆ

ಈಜಿಪ್ಟಿನ ದಮಿಯತ್ತಾದಲ್ಲಿ ಮದುವೆಗೆ ಮೂರು ದಿನ ಮೊದಲು ಹುಡುಗಿಯ ಮಂಚ, ಬೀರು, ಕುರ್ಚಿಗಳೆಲ್ಲ ಗಾಡಿ ಏರಿ, ಬೀದಿ ಬೀದಿ ಸುತ್ತಿ ಗಂಡಿನ ಮನೆ ಸೇರಬೇಕು. ಊರವರು ಬಾಗಿಲಿಗೆ ಬಂದು ನೋಡಬೇಕು, ಒಂದಿಷ್ಟು ಹೊಟ್ಟೆಕಿಚ್ಚನ್ನೂ ಪಡಬೇಕು. ಆ ಸೋಮವಾರ ಅಂಥದೊಂದು ಗಾಡಿ ಅರ್ಧ ದಾರಿಯಿಂದ ಹಿಂದಕ್ಕೆ ತಿರುಗಿ ಬಂದು ರಗಬನ ಮರಗೆಲಸದ ಅಂಗಡಿಯೆದುರು ನಿಂತಿತು. ಡೋಲು ಬಡಿಯುವವರು ಸುಮ್ಮನಾದರು. ಮದುಮಗಳ ತಾಯಿ ದೌಲತ್ ಗಾಡಿಯ ಮೇಲಿಂದಲೇ ಗಂಟಲು ಹರಿದುಕೊಳ್ಳತೊಡಗಿದಳು.

“ಲೋ ರಗಬ್! ಬಾರೋ ಹೊರಗೆ! ನನ್ನ ಮಗಳ ಕನ್ನಡಿ ಊರಿಗೆಲ್ಲ ಹಲ್ಲು ಕಿರೀತಿದೆ, ಬಂದು ನೋಡು!”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಳೆತ್ತರದ ಕನ್ನಡಿಯ ಚೌಕಟ್ಟಿನಲ್ಲಿ ಮೂರು ಮೂಲೆ ಕೂಡಿದ್ದವು. ನಾಲ್ಕನೆಯದು ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಅಂಟಿಗೆ ಮರದ ಪುಡಿ ಕಲಸಿ ಅಲ್ಲಿ ಯಾರೋ ತುರುಕಿದ್ದರು. ಗಾಡಿ ನಾಲ್ಕು ಸಲ ಕುಲುಕಿದ್ದೇ ತಡ, ಅದೆಲ್ಲ ಉದುರಿ ಹೋಗಿತ್ತು.

ರಗಬ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಕನ್ನಡಿ ನೋಡಿದ, ಸೇರಿದ್ದ ಜನರನ್ನು ನೋಡಿದ, ಆಮೇಲೆ ಅಂಗಡಿಯ ಒಳಕ್ಕೆ ಬೆರಳು ತೋರಿಸಿದ.

“ನನ್ನನ್ಯಾಕೆ ಬೈತೀರಿ ದೌಲತಮ್ಮ? ಕೊಯ್ಯೋಕೆ ಗೆರೆ ಎಳೆದೋಳು ಅವಳು, ಸನಿಯ್ಯಾ. ಹೆಂಗಸಿನ ಕೈಗೆ ಪೆನ್ಸಿಲ್ ಕೊಟ್ಟಿದ್ದೇ ನನ್ನ ತಪ್ಪು. ಇವತ್ತಿಂದ ಅವಳು ಹಲಗೆ ಮುಟ್ಟೋ ಹಾಗಿಲ್ಲ, ಆಯ್ತಾ?”

ಒಳಗೆ ಗೋಣಿಯ ಪರದೆಯ ಹಿಂದೆ, ಗೆರೆ ಹಾಕುವ ತನ್ನ ಹಲಗೆಯ ಮುಂದೆ ಕೂತಿದ್ದ ಸನಿಯ್ಯಾಳಿಗೆ ಒಂದೊಂದು ಮಾತೂ ಕೇಳಿಸಿತು. ಫಾರಸ್ಕೂರಿನಲ್ಲಿ ತಂಗಿಯ ಬಾಣಂತನ ಮುಗಿಸಿ ಹತ್ತು ದಿನಗಳ ನಂತರ ಅವಳು ಅಂದು ಬೆಳಿಗ್ಗೆಯಷ್ಟೇ ಹಿಂದಿರುಗಿದ್ದಳು. ಅವಳಿಲ್ಲದಾಗ ತಯಾರಾದ ಆ ಕನ್ನಡಿಯನ್ನು ಅವಳು ಕಣ್ಣಾರೆ ಕಂಡೂ ಇರಲಿಲ್ಲ.

ಅವಳಿಗೆ ನಲವತ್ತೊಂದು ವರ್ಷ. ಹದಿನೈದರ ಹುಡುಗಿಯಾಗಿದ್ದಾಗ ಒಂದು ಸಂಜೆ ಅಮ್ಮನ ಹಾಗೇ ತಾನೂ ಉಣ್ಣೆಯ ಚೌಕ ಹೆಣೆಯುತ್ತಿದ್ದಳು. ಆ ಚೌಕಗಳನ್ನು ಎರಡು ಅಂಚುಗಳ ಉದ್ದಕ್ಕೂ ಶುರುಮಾಡಿ, ಸಾಲು ಬಿಟ್ಟು ಸಾಲಿಗೆ ನಟ್ಟನಡುವೆ ಹೊಲಿಗೆಗಳನ್ನು ಒಂದಾಗಿ ಕೂಡಿಸಿ ಕಡಿಮೆಮಾಡುತ್ತ ಬಂದರೆ ನಡುವಿನಲ್ಲಿ ಓರೆಯಾಗಿ ಒಂದು ಏಣು ಎದ್ದು, ಕಡೆಗೆ ಮೂಲೆಯಲ್ಲಿ ಒಂದೇ ಹೊಲಿಗೆಗೆ ಮುಗಿಯುತ್ತದೆ. “ಅಮ್ಮ, ಎರಡು ಸಾಲಿನ ಹಿಂದೆ ನಡು ತಪ್ಪಿದ್ದೀಯ,” ಎಂದಳು, ಕೋಣೆಯ ಆಚೆ ತುದಿಯಿಂದ. ಅಮ್ಮ ಎಣಿಸಿ ನೋಡಿದರೆ ಹೌದು. ಊಟಕ್ಕೆ ಕೂತಿದ್ದ ಅಪ್ಪ, ಮೇಸ್ತ್ರಿ ಬಡಗಿ ಉಸ್ತಾ ಮಿತ್ವಲ್ಲಿ, ರೊಟ್ಟಿಯನ್ನು ಕೈಯಲ್ಲೇ ಹಿಡಿದು ಮಗಳ ಮುಖ ನೋಡಿದ. ಅವನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಮಾರನೆಯ ಬೆಳಿಗ್ಗೆ ಅವಳನ್ನು ಅಂಗಡಿಗೆ ಕರೆದೊಯ್ದು, ನಲವತ್ತೈದು ಡಿಗ್ರಿಯ ಓರೆ ಎಳೆಯುವ ತನ್ನ ಕರಿಮರದ ಮೂಲೆಮಟ್ಟವನ್ನು ಅವಳ ಕೈಗಿಟ್ಟ.

“ಉಣ್ಣೆ ತಪ್ಪಿದರೆ ಬಿಚ್ಚಬಹುದು ಮಗಳೇ. ಕೊಯ್ದ ಮರ ಕೊಯ್ದದ್ದೇ.”

ಅಂದಿನಿಂದ ಆ ಅಂಗಡಿಯ ಗೆರೆಯೆಲ್ಲ ಅವಳದೇ. ಆದರೆ ಯಾರಾದರೂ ಕೇಳಿದರೆ ಅಪ್ಪ, “ಚಹಾ ಮಾಡೋಕೆ ಬರ್ತಾಳೆ,” ಎನ್ನುತ್ತಿದ್ದ. ಮೂಲೆಯ ಕೂಡಿಕೆಯ ಮೇಲೆ ಉಗುರಾಡಿಸಿ ಗಿರಾಕಿ ತಲೆದೂಗಿದರೆ, ಶಹಬ್ಬಾಸ್‌ಗಿರಿಯನ್ನು ತನ್ನ ಜೇಬಿಗಿಳಿಸಿ ಅಪ್ಪನೂ ತಲೆದೂಗುತ್ತಿದ್ದ. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ಆದರೂ ಆ ಸುಳ್ಳನ್ನು ಮೊದಲು ಹೇಳಿದವನು ಅವನೇ. ಸತ್ತ ಅಪ್ಪನ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುವವರು ಬೇಕಾದರೆ ಇಪ್ಪತ್ತಾರು ವರ್ಷ ಗೋಣಿ ಪರದೆಯ ಹಿಂದೆ ಕೂತು ನೋಡಲಿ. ಅಪ್ಪ ಹೋದ ಮೇಲೆ ಅಂಗಡಿ ದೊಡ್ಡಪ್ಪನ ಮಗ ರಗಬನ ಕೈಗೆ ಹೋಯಿತು. ಗರಗಸ, ಉಳಿ, ಮೂಲೆಮಟ್ಟದ ಜೊತೆಗೆ ಆ ಸುಳ್ಳೂ ಅವನ ಪಾಲಿಗೆ ಬಂತು.

ಅಂದರೆ ಇಷ್ಟು ವರ್ಷ ಸರಿಯಾಗಿ ಕೂಡಿದ ಮೂಲೆಯೆಲ್ಲ ಗಂಡಸರದು. ಬಾಯಿ ಬಿಟ್ಟ ಮೊದಲ ಮೂಲೆ ಮಾತ್ರ ಸನಿಯ್ಯಾಳದು! ಅವಳ ಮೈಯೆಲ್ಲ ಉರಿದುಹೋಯಿತು. ಈಗ ಸುಮ್ಮನಿದ್ದರೆ ಇದ್ದೊಂದು ಹಲಗೆಯೂ ಹೋಗುತ್ತದೆ, ಉಳಿಯುವುದು ಕೆಟ್ಟ ಹೆಸರೊಂದೇ. ಪರದೆ ಸರಿಸಿ, ಮೊಳೆಗೆ ನೇತುಹಾಕಿದ್ದ ಮೂಲೆಮಟ್ಟವನ್ನು ಎಳೆದುಕೊಂಡು ಬೀದಿಗೆ ಬಂದಳು.

“ಹೆಂಗಸು ಗೆರೆ ಎಳೀತಾಳಂತೆ, ಕೇಳಿದ್ರಾ?” ಎಂದು ಯಾರೋ ನಕ್ಕರು.

“ಎಳೀತೀನಿ. ನೋಡಿ,” ಎಂದಳು ಸನಿಯ್ಯಾ. “ದೌಲತಮ್ಮ, ಆ ಕನ್ನಡಿ ತಿರುಗಿಸಿ. ಬೆನ್ನು ತೋರಿಸಿ.”

ಕನ್ನಡಿಯ ಹಿಂಬದಿ ಬೋಳಾಗಿತ್ತು.

“ಈಗ ಮಂಚದ ತಲೆಹಲಗೆ ತಿರುಗಿಸಿ. ಬೀರುವಿನ ಬಾಗಿಲ ಹಿಂದೆ ನೋಡಿ. ಕುರ್ಚಿ ಮಗುಚಿ. ಕೊಕ್ಕಿನ ಗುರುತಿದ್ದರೆ ಗೆರೆ ನನ್ನದು.”

ಒಂದೊಂದರ ಬೆನ್ನ ಮೇಲೂ ತೆರೆದ ಹಕ್ಕಿಕೊಕ್ಕಿನಂತೆ ಎರಡು ಪೆನ್ಸಿಲ್ ಗೆರೆಗಳಿದ್ದವು. ಯಾವ ಮರಕ್ಕೂ ಗೆರೆ ಹಾಕುವ ಮುನ್ನ ಸನಿಯ್ಯಾ ಅದರ ಹಿಂಬದಿಯ ಒಂದೇ ಬಿಂದುವಿನಿಂದ ಎಡಕ್ಕೊಂದು ಓರೆ, ಮೂಲೆಮಟ್ಟ ಮಗುಚಿ ಬಲಕ್ಕೊಂದು ಓರೆ ಎಳೆಯುತ್ತಿದ್ದಳು. ನಡುವೆ ತೊಂಬತ್ತರ ನೇರ ಮೂಲೆ ಸರಿಯಾಗಿ ಕೂತರೆ ಮಾತ್ರ ಕೆಲಸ ಶುರು. ಮೂಲೆಮಟ್ಟ ತಪ್ಪಿದ್ದರೆ ತಪ್ಪು ಅಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ಆ ಗುರುತನ್ನು ಅವಳು ಒಮ್ಮೆಯೂ ಅಳಿಸಿದವಳಲ್ಲ.

“ಬಯೂಮಿ ಮಾಮ, ನಿನ್ನ ನೇರ ಮೂಲೆಮಟ್ಟ ಕೊಡು,” ಎಂದು ಕೈ ಚಾಚಿದಳು. ಅಪ್ಪನ ಕಾಲದಿಂದಲೂ ಅಲ್ಲಿ ಹೂಬಳ್ಳಿ ಕೆತ್ತುವ ಮುದುಕ ಬಯೂಮಿ ರಗಬನ ಕಡೆ ನೋಡದೆ ಕೊಟ್ಟ. ಕನ್ನಡಿಯ ಬೋಳು ಬೆನ್ನ ಮೇಲೆ ಅವಳು ಅಪ್ಪನ ಮೂಲೆಮಟ್ಟದಿಂದ ಎರಡು ಗೆರೆ ಎಳೆದು, ನಡುವೆ ಬಯೂಮಿಯದನ್ನು ಇಟ್ಟಳು. ಒಂದು ಪಕ್ಕ ಬೆಳಕಿನ ಸಂದು ಕಾಣಿಸಿತು. ಕರಿಮರದ ಮೂಲೆಮಟ್ಟದ ಒಳ ಅಂಚಿಗೆ ಉಗುರು ಹಾಕಿ ಕೆರೆದಳು. ಒಣಗಿದ ಅಂಟಿನ ತೆಳು ಹಕ್ಕಳೆ ಸಿಪ್ಪೆಯ ಹಾಗೆ ಎದ್ದು ಬಂತು. ಮತ್ತೆ ಎಳೆದಳು. ಈ ಸಲ ಮೂಲೆ ಮೂಲೆಗೆ ಕೂತಿತು.

“ಅಪ್ಪನ ಮೂಲೆಮಟ್ಟದಲ್ಲಿ ಅಂಟು ಬಳಿದಿದ್ದೀಯ ರಗಬ್?”

“ಅಂಟಿನ ಕುಂಚ ಒರೆಸಿರಬಹುದು… ಒಂದ್ಸಲ. ಕೂದಲೆಳೆಯಷ್ಟು ಅಂಟು ಕಣೇ ಅದು!”

“ಮೂಲೆಮೂಲೆಗೂ ಒಂದೊಂದು ಕೂದಲೆಳೆ, ಕೂಡುತ್ತ ಹೋಗುತ್ತೆ. ನಾಲ್ಕು ಮೂಲೆಯ ತಪ್ಪನ್ನ ಕೊನೇದು ಹೊರಬೇಕು, ಬೈಸಿಕೊಳ್ಳಬೇಕು. ಚಹಾ ಮಾಡೋಳ ಹಾಗೆ!”

ಗುಂಪಿನಲ್ಲಿದ್ದ ಹೆಂಗಸೊಬ್ಬಳು, “ನನ್ನ ಬೀರು ಈ ಅಂಗಡೀದೇ,” ಎಂದು ಮನೆಯತ್ತ ಓಡಿದಳು. ಸ್ವಲ್ಪ ಹೊತ್ತಿಗೆ ಮಹಡಿಯ ಕಿಟಕಿಯಿಂದ ಕೂಗಿದಳು: “ಇದೆ ಕಣ್ರೇ! ಕೊಕ್ಕು ಇದೆ!” ಎದುರುಮನೆಯವನು ಕುರ್ಚಿಯನ್ನೇ ಬೀದಿಗೆ ಹೊತ್ತು ತಂದ. ಹತ್ತೊಂಬತ್ತು ವರ್ಷ ಅದರ ಮೇಲೆ ಕೂತಿದ್ದನಂತೆ, ಮಗುಚಿ ನೋಡಿದ್ದು ಅದೇ ಮೊದಲು.

ರಗಬನ ಮುಖ ಕಪ್ಪಿಟ್ಟಿತು. ಹತ್ತಿರ ಬಂದು ಪಿಸುಗುಟ್ಟಿದ: “ಆಯ್ತು, ನಿನ್ನ ಹಲಗೆ ನಿನಗೇ ಇರ್ಲಿ. ಒಳಗೆ ಹೋಗಿ ಕೂತು ಹೊಸ ಚೌಕಟ್ಟಿಗೆ ಗೆರೆ ಹಾಕು. ಜನ ನೋಡ್ತಿದ್ದಾರೆ.”

“ನೋಡ್ಲಿ. ಇಷ್ಟು ದಿನ ನೋಡ್ಲಿಲ್ಲವಲ್ಲ, ಅದೇ ಸಂಕಟ.”

ಹಲಗೆಯನ್ನು ಅವಳೇ ದರದರನೆ ಎಳೆದು ತಂದು ಹೊಸ್ತಿಲಾಚೆ, ಬಿಸಿಲಿನಲ್ಲಿ ಹಾಕಿದಳು. ಹೊಸ ಬೀಚ್ ಮರದ ಪಟ್ಟಿಯೊಂದನ್ನು ಅದರ ಮೇಲಿಟ್ಟು, ಬೆನ್ನು ಕೆಳಗೆ ಮಾಡಿ, ನುಣುಪಾದ ಮುಖದ ಮೇಲೆಯೇ ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆದಳು.

“ಅಯ್ಯೋ, ಎದುರಿಗೇ ಗೀಚಿದೆಯಲ್ಲೇ!” ಎಂದು ದೌಲತ್ ಬಾಯಿ ಬಾಯಿ ಬಡಿದುಕೊಂಡಳು. “ಪಾಲಿಶ್ ಮಾಡುವಾಗ ಅಳಿಸ್ತೀಯ ತಾನೇ?”

“ಇಲ್ಲ,” ಎಂದಳು ಸನಿಯ್ಯಾ. ಪೆನ್ಸಿಲನ್ನು ಕೆಳಗಿಟ್ಟು ಉಳಿ ಎತ್ತಿ, ಮೊದಲ ಗೆರೆಯ ಮೇಲೆ ಊರಿದಳು.